ಯುದ್ಧಕಾಲದಲ್ಲಿ ನಮ್ಮ ಕರಾವಳಿಯ ಹೆಂಗಸರು ‘ಹೊರಗೆ ಬಂದರು’ ಅನ್ನೋದು ಎಷ್ಟು ನಿಜ?

ಕೋಡಿಬಾಗದ ಗಾಳಿ

ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ಕಾರವಾರದಲ್ಲಿ ಬಿಎ ಓದುತ್ತಿದ್ದಾಳೆ. ಇತಿಹಾಸದ ಪ್ರಾಜೆಕ್ಟಿಗೆ ಯುದ್ಧ ಮತ್ತು ಮನೆಯಲ್ಲಿದ್ದ ಹೆಂಗಸರು ಅಂತ ವಿಷಯ ಕೊಟ್ಟಿದ್ದಾರೆ. ಇಪ್ಪತ್ತು ಪುಟ ಬರೆದಿದ್ದಾಳೆ, ಇಪ್ಪತ್ತೂ ಇಂಗ್ಲೆಂಡಿನದು.

ಓದೋಕೆ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. 1941ರ ಡಿಸೆಂಬರಿನಲ್ಲಿ ಅಲ್ಲಿ ಕಾನೂನು ಮಾಡಿ, 20ರಿಂದ 30 ವರ್ಷದೊಳಗಿನ ಮದುವೆಯಾಗದ ಹುಡುಗಿಯರನ್ನು ಯುದ್ಧದ ಕೆಲಸಕ್ಕೆ ಕಡ್ಡಾಯವಾಗಿ ಕರೆದರು. ಗಂಡಸರು ಬಿಟ್ಟುಹೋದ ಹೊಲ ನೋಡಿಕೊಳ್ಳೋಕೆ ಲ್ಯಾಂಡ್ ಆರ್ಮಿ ಅಂತ ಹುಡುಗಿಯರದ್ದೇ ಪಡೆ, ಒಂದು ಹಂತದಲ್ಲಿ ಸುಮಾರು 80 ಸಾವಿರ ಜನ. ಅದಕ್ಕಿಂತ ಹಿಂದಿನ ಯುದ್ಧದಲ್ಲಿ ಕಾರ್ಖಾನೆಯಲ್ಲಿ ಟಿಎನ್‌ಟಿ ಮದ್ದು ತುಂಬುತ್ತಿದ್ದ ಹುಡುಗಿಯರ ಮೈ ಅರಿಶಿನ ಬಳಿದ ಹಾಗೆ ಹಳದಿಯಾಗುತ್ತಿತ್ತು, ಅದಕ್ಕೇ ಅವರಿಗೆ ಕ್ಯಾನರಿ ಹಕ್ಕಿ ಅಂತ ಅಡ್ಡಹೆಸರು. ಬಟ್ಟೆಗೆ 1941ರ ಜೂನಿನಿಂದ ಕೂಪನ್, ಮೊದಲ ವರ್ಷ ತಲೆಗೆ 66. ಕಾಲುಚೀಲ ಸಿಗದೆ ಕಾಲಿಗೇ ಬಣ್ಣ ಹಚ್ಚಿ, ಹಿಂದೆ ಪೆನ್ಸಿಲಿನಲ್ಲಿ ಹೊಲಿಗೆಯ ಗೆರೆ ಎಳೆದುಕೊಂಡು ಹೊರಡುತ್ತಿದ್ದರಂತೆ.

ಕೊನೆಯಲ್ಲಿ ಒಂದು ಸಾಲು ಬರೆದಿದ್ದಳು, ‘ಯುದ್ಧ ಮಹಿಳೆಯರನ್ನು ಅಡುಗೆಮನೆಯಿಂದ ಹೊರಗೆ ತಂದಿತು’ ಅಂತ. ನಮ್ಮ ದೊಡ್ಡತ್ತೆಗೆ ಈಗ 91. ಅವರಿಗೆ ಓದಿ ಹೇಳಿದಳು. ದೊಡ್ಡತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ, "ಯಾರ ಅಡುಗೆಮನೆಯಿಂದ?" ಅಂತ ಕೇಳಿದರು. ಮಗಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ.

ಟಾಗೋರ್ ಕಡಲತೀರದಲ್ಲಿ ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ, ಪಕ್ಕದಲ್ಲೇ ಚಪಲ್ ಯುದ್ಧನೌಕೆ ಇದೆ. ದಿನಾ ವಾಕಿಂಗ್ ಹೋಗುವಾಗ ನೋಡುತ್ತೇನೆ. ಆ ಕಾಲದಲ್ಲಿ ಮನೆಯಲ್ಲಿದ್ದವರ ಬಗ್ಗೆ ಮಾತ್ರ ಎಲ್ಲೂ ಏನೂ ಇಲ್ಲ. ನಿಮ್ಮ ಮನೆಗಳಲ್ಲಿ ಕೇಳಿದ್ದು ಏನಾದರೂ ಇದ್ದರೆ ಬರೆಯಿರಿ. ಯಾವ ಯುದ್ಧ ಆದರೂ ಪರವಾಗಿಲ್ಲ.

ಬೇಲೆಕೇರಿ ಬಂದರ

ಅಕ್ಕಾ, ನಿಮ್ಮ ದೊಡ್ಡತ್ತೆ ಕೇಳಿದ ಪ್ರಶ್ನೆಯೇ ಸರಿ ಇದೆ. ನಮ್ಮ ಅಜ್ಜಿ ಒಳಗೆ ಇದ್ದದ್ದು ಯಾವಾಗ ಹೇಳಿ? ಗಂಡಸರು ದೋಣಿ ತಂದು ದಡಕ್ಕೆ ಹಚ್ಚಿದರೆ ಅವರ ಕೆಲಸ ಮುಗಿಯಿತು. ಬುಟ್ಟಿ ಹೊತ್ತು ಅಂಕೋಲೆ ಕಡೆ ನಡೆಯೋದು, ಕೂಗೋದು, ಚೌಕಾಸಿ, ಸಾಲ, ವಸೂಲಿ ಎಲ್ಲಾ ಹೆಂಗಸರದ್ದೇ. ಇದು ಯುದ್ಧಕ್ಕೆ ಮೊದಲೂ ಇತ್ತು, ಈಗಲೂ ಇದೆ. ಬೆಳಗ್ಗೆ ಕಾರವಾರದ ಮೀನು ಮಾರ್ಕೆಟ್ಟಿಗೆ ಹೋಗಿ ನೋಡಿ, ಯಾರು ಕೂತಿರುತ್ತಾರೆ ಅಂತ.

ಬದಲಾದದ್ದು ಬೇರೆ. ಒಳಗಿನ ಹಳ್ಳಿಯ ಒಕ್ಕಲು ಮನೆಗೆ ತಾರ್ಲೆ, ಬಂಗಡೆ ಕೊಟ್ಟು ಸಿದ್ದೆ ಲೆಕ್ಕದಲ್ಲಿ ಭತ್ತ ತರುವುದು ಮೊದಲಿನ ಪದ್ಧತಿ, ಅದರಲ್ಲಿ ದುಡ್ಡಿನ ಮಾತೇ ಬರುತ್ತಿರಲಿಲ್ಲ. ಯುದ್ಧ ಬಂತು, ಲೆವಿ ಬಂತು, ಸರಕಾರಕ್ಕೆ ಭತ್ತ ಅಳೆಯಬೇಕು ಅಂತಾಯ್ತು. ಒಕ್ಕಲು ಮನೆಯವರು ಕಣಜದ ಬಾಗಿಲು ಹಾಕಿದರು. ‘ಭತ್ತ ಇಲ್ಲ ಮಾರಾಯ್ತಿ, ದುಡ್ಡು ಬೇಕಾದ್ರೆ ತಗೋ’ ಅನ್ನೋಕೆ ಶುರು ಮಾಡಿದರು. ದುಡ್ಡಾದರೂ ಎಲ್ಲಿತ್ತು? ಚಿಲ್ಲರೆಯೇ ಸಿಗುತ್ತಿರಲಿಲ್ಲ. ಆಗ ಬಂದದ್ದು ತೂತಿನ ಪೈಸೆ. 1943ರಿಂದ ಹೊಡೆದರು, ಲೋಹ ಉಳಿಸೋಕೆ ನಡುವೆ ದೊಡ್ಡ ತೂತು.

ನಮ್ಮ ಅಜ್ಜಿಗೆ ಎಣಿಕೆ ಇಪ್ಪತ್ತರ ಮೇಲೆ ಬರುತ್ತಿರಲಿಲ್ಲ. ಪೈಸೆಗಳನ್ನು ತೆಂಗಿನ ಹುರಿಗೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಮನೆಗೆ ಬಂದು ಹುರಿ ಬಿಚ್ಚಿ ಬೆರಳಿನಿಂದ ಅಳೆಯೋದು. ನಾಲ್ಕು ಬೆರಳಿನಷ್ಟು ಉದ್ದ ಆದರೆ ಒಂದು ಗಂಟು. ಎರಡು ಗಂಟಿಗೆ ಅಕ್ಕಿ, ಒಂದಕ್ಕೆ ಉಪ್ಪು ಮೆಣಸು, ಉಳಿದದ್ದು ಗಂಟಿನ ಸಮೇತ ಮಡಕೆಗೆ. ಬೆರಳಿನ ಲೆಕ್ಕದಲ್ಲಿ ಒಮ್ಮೆಯೂ ಮೋಸ ಹೋಗಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಸ್ವಲ್ಪ ಉಪ್ಪು ಖಾರ ಸೇರಿಸಿ ಹೇಳೋದು ಅವರ ಅಭ್ಯಾಸ, ಆದರೆ ಹುರಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಅಪ್ಪೆಮಿಡಿ

ಶಿರಸಿ ಕಡೆಯವಳು ನಾನು. ಬೇಲೆಕೇರಿಯವರೇ, ನಿಮ್ಮ ಅಜ್ಜಿ ಹೊರಗಿದ್ದರು, ಒಪ್ಪಿದೆ. ನಮ್ಮ ಅಮ್ಮಮ್ಮ ಮಾತ್ರ ಒಳಗೇ ಇದ್ದವರು. ತೋಟದ ಮನೆ, ಒಂದು ಮನೆಗೂ ಇನ್ನೊಂದಕ್ಕೂ ಮಧ್ಯೆ ಒಂದು ಗುಡ್ಡ. ವರ್ಷಕ್ಕೆ ಒಂದು ಸಲ ಮಾರಿಕಾಂಬಾ ಜಾತ್ರೆ ಅನ್ನೋ ಹಾಗೂ ಇಲ್ಲ, ಅದು ಎರಡು ವರ್ಷಕ್ಕೊಮ್ಮೆ! ಮದುವೆ, ತಿಥಿ ಬಿಟ್ಟರೆ ಬೇರೆ ಹೆಂಗಸರ ಮುಖ ನೋಡೋದೇ ಅಪರೂಪ.

ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹಸಿ ಅಡಿಕೆ ಸುಲಿಯಬೇಕು. ಮೆಟ್ಟುಗತ್ತಿ ಮೇಲೆ ಕಾಲಿಟ್ಟು ಕೂತರೆ ಹನ್ನೊಂದು, ಹನ್ನೆರಡು ಗಂಟೆ. ಅದಕ್ಕೆ ಬೆಳಕು ಬೇಕಲ್ಲ. ಯುದ್ಧದಲ್ಲಿ ಚಿಮಣಿ ಎಣ್ಣೆ ಸಿಗೋದು ನಿಂತಿತು, ಸಿಕ್ಕರೂ ಸೀಸೆಯ ತಳದಷ್ಟು. ಕೆಲವರು ಹೊನ್ನೆ ಎಣ್ಣೆ ಹಾಕಿ ನೋಡಿದರಂತೆ, ಹೊಗೆ ಜಾಸ್ತಿ, ಕಣ್ಣು ಉರಿ. ಕೊನೆಗೆ ಮೂರು ಮನೆಯವರು ಸೇರಿ ಒಂದು ಉಪಾಯ ಮಾಡಿದರು. ಮೂರೂ ಮನೆಯ ಎಣ್ಣೆ ಒಂದೇ ಲಾಟೀನಿಗೆ. ಇವತ್ತು ಈ ಮನೆಯ ಅಂಗಳದಲ್ಲಿ, ನಾಳೆ ಆ ಮನೆಯದ್ದರಲ್ಲಿ.

ಅಮ್ಮಮ್ಮ ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಮೂರು ಮನೆಯ ಅತ್ತೆ, ಸೊಸೆ, ಅತ್ತಿಗೆ, ನಾದಿನಿ ಎಲ್ಲಾ ಒಂದೇ ಬೆಳಕಿನ ಸುತ್ತ. ಹಾಡು, ಒಗಟು, ಚಾಡಿ. ಶಾಲೆಗೆ ಹೋಗುತ್ತಿದ್ದ ಒಬ್ಬ ಮಾಣಿ ಹುಬ್ಬಳ್ಳಿಯಿಂದ ಬರುತ್ತಿದ್ದ ಪತ್ರಿಕೆ ಓದಿ ಹೇಳುತ್ತಿದ್ದ, ವಾರದ ಹಳೇದು. ರಂಗೂನ್, ಸಿಂಗಾಪುರ, ಹಿಟ್ಲರ್ ಎಲ್ಲಾ ಅಮ್ಮಮ್ಮನಿಗೆ ಪರಿಚಯ ಆದದ್ದು ಅಡಿಕೆ ಸಿಪ್ಪೆಯ ರಾಶಿಯ ಮಧ್ಯೆ. ಅವರ ಪ್ರಕಾರ ಹಿಟ್ಲರ್ ಕೆಟ್ಟವನು, ಆದರೆ ಎಣ್ಣೆ ನಿಲ್ಲಿಸಿ ಒಂದು ಒಳ್ಳೆಯ ಕೆಲಸ ಮಾಡಿದ. ಬರೆಯಬಾರದೇನೋ, ಆದರೆ ಅವರು ಹೇಳಿದ್ದೇ ಹಾಗೆ. ಯುದ್ಧ ಮುಗಿದು ಎಣ್ಣೆ ಬಂದ ಮೇಲೆ ಮತ್ತೆ ಅವರವರ ಮನೆ, ಅವರವರ ದೀಪ. "ಬೆಳಕು ಜಾಸ್ತಿ ಆತು, ಮಾತು ಕಮ್ಮಿ ಆತು" ಅನ್ನುತ್ತಿದ್ದರು.

ಸುಮ್ನೆ ಓದುಗ

ಯುದ್ಧ ಅಂದ್ರೆ ಕಾರವಾರದ ಸೀಬರ್ಡ್ ಯೋಜನೆ ಬಗ್ಗೆ ಯಾರೂ ಮಾತಾಡೋದಿಲ್ಲ ಯಾಕೆ? ನೌಕಾನೆಲೆಗೆ ಮನೆ ಬಿಟ್ಟ ಹೆಂಗಸರ ಕತೆ ಯಾರು ಬರೀತಾರೆ?

ಕೋಡಿಬಾಗದ ಗಾಳಿ

ಅದು ದೊಡ್ಡ ವಿಷಯ, ಅದಕ್ಕೆ ಬೇರೆಯೇ ಚರ್ಚೆ ಬೇಕು. ನೀವೇ ಶುರು ಮಾಡಿ, ನಾನು ಬಂದು ಬರೆಯುತ್ತೇನೆ. ಇಲ್ಲಿ ಬೆರೆಸಿದರೆ ಎರಡೂ ಹಾಳಾಗುತ್ತದೆ.

ಹಳೇ ಮಾಸ್ತರು, ಕುಮಟಾ

ತಂಗೀ, ಮಗಳಿಗೆ ಕೆಲವು ವಿಷಯ ಹೇಳು, ಅವಳ ಇಪ್ಪತ್ತು ಪುಟಕ್ಕೆ ಪೂರಕ ಆದೀತು.

ಇಂಗ್ಲೆಂಡಿನಲ್ಲೂ ಹೊರಗೆ ತಂದವರನ್ನು ಪೂರ್ತಿ ಹೊರಗೆ ಇಟ್ಟುಕೊಳ್ಳಲಿಲ್ಲ. ಯುದ್ಧ ಮುಗಿದ ಮೇಲೆ ಕೂಸು ನೋಡಿಕೊಳ್ಳುವ ಸರಕಾರಿ ಕೇಂದ್ರಗಳಲ್ಲಿ ಎಷ್ಟೋ ಮುಚ್ಚಿದವು. ಆದರೆ ಮದುವೆಯಾದ ಕೂಡಲೇ ಕೆಲಸ ಬಿಡಬೇಕು ಎಂಬ ನಿಯಮ ಶಾಲಾ ಶಿಕ್ಷಕಿಯರಿಗೆ 1944ರಲ್ಲಿ, ಸರಕಾರಿ ನೌಕರಿಯಲ್ಲಿ 1946ರಲ್ಲಿ ಹೋಯಿತು. ಅದು ಉಳಿದ ಲಾಭ.

ನಮ್ಮ ದೇಶದ್ದು ಇನ್ನೂ ಸ್ಪಷ್ಟ. ನೆಲದಡಿಯ ಗಣಿಯಲ್ಲಿ ಹೆಂಗಸರು ದುಡಿಯಬಾರದು ಎಂಬ ನಿಷೇಧ ಇತ್ತು. ಯುದ್ಧಕ್ಕೆ ಕಲ್ಲಿದ್ದಲು ಬೇಕು, ಆಳು ಸಾಲದು ಎಂದು 1943ರಲ್ಲಿ ಆ ನಿಷೇಧ ತೆಗೆದರು. 1946ರಲ್ಲಿ ಮತ್ತೆ ಹಾಕಿದರು. ಬೇಕಾದಾಗ ಇಳಿಸಿದರು, ಸಾಕಾದಾಗ ಹತ್ತಿಸಿದರು. ಸೇನೆಗೆ ವಿಮೆನ್ಸ್ ಆಕ್ಸಿಲಿಯರಿ ಕೋರ್ ಅಂತ 1942ರಲ್ಲಿ ಆಯಿತು, ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರಿದರು. ಆಚೆ ಕಡೆ ನೇತಾಜಿಯವರ ಸೇನೆಯಲ್ಲಿ ಝಾನ್ಸಿ ರಾಣಿ ದಳ, 1943ರಲ್ಲಿ, ಕ್ಯಾಪ್ಟನ್ ಲಕ್ಷ್ಮಿಯವರ ನೇತೃತ್ವ. ಅದರಲ್ಲಿ ಹೆಚ್ಚಿನವರು ಮಲಯಾದ ರಬ್ಬರ್ ತೋಟದ ಕೂಲಿ ಮನೆಯ ಹುಡುಗಿಯರು ಎಂಬುದನ್ನು ಯಾರೂ ಹೇಳುವುದಿಲ್ಲ.

ಅಕ್ಕಿ ಯಾಕೆ ಇರಲಿಲ್ಲ ಎಂದರೆ, 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿನ ಕೈಗೆ ಹೋಯಿತು, ಬರ್ಮಾ ಅಕ್ಕಿ ಬರುವುದು ನಿಂತಿತು. ಮರುವರ್ಷ ಬಂಗಾಳದ ಬರಗಾಲದಲ್ಲಿ ಏನಾಯಿತು ಅಂತ ಗೊತ್ತೇ ಇದೆ.

ಇನ್ನೊಂದು ಮಾತು, ಇದರಲ್ಲಿ ನಾನು ಸ್ವಲ್ಪ ಹಠಮಾರಿ. ನಮ್ಮ ಜಿಲ್ಲೆಯಲ್ಲಿ ಹೆಂಗಸರಿಗೆ ಗಂಡಸರಿಲ್ಲದ ಮನೆ ನಡೆಸುವ ಪಾಠ ಆದದ್ದು ಮಹಾಯುದ್ಧದಲ್ಲಿ ಅಲ್ಲ, ಅದಕ್ಕೂ ಹತ್ತು ವರ್ಷ ಮೊದಲು. 1930ರ ಅಂಕೋಲೆ ಉಪ್ಪಿನ ಸತ್ಯಾಗ್ರಹ, ಆಮೇಲೆ ಅಂಕೋಲೆ, ಸಿದ್ದಾಪುರದ ಕರನಿರಾಕರಣೆ. ಗಂಡ ಜೈಲಿನಲ್ಲಿ, ಜಮೀನು ಜಪ್ತಿ, ಪಾತ್ರೆಯೂ ಜಪ್ತಿ. ಆ ಮನೆ ಯಾರು ನಡೆಸಿದರು? 1942ರಲ್ಲಿ ಮತ್ತೆ ಜೈಲು. ಆಗ ಅವರಿಗೆ ಅದು ಹೊಸದಲ್ಲ. ಅದಕ್ಕೆ ಎಲ್ಲ ಶ್ರೇಯಸ್ಸನ್ನೂ ಹಿಟ್ಲರನಿಗೆ ಕೊಡಬೇಡಿ, ಅಪ್ಪೆಮಿಡಿಯವರೇ!

ಅಪ್ಪೆಮಿಡಿ

ಮಾಸ್ತರೇ, ಅಮ್ಮಮ್ಮನ ಪರವಾಗಿ ತಪ್ಪು ಒಪ್ಪಿಕೊಂಡೆ.

ಗುಡ್ಡದ ದಾರಿ

ಎಲ್ಲಾ ಓದಿದೆ. ಚೆನ್ನಾಗಿದೆ. ಆದರೆ ಸ್ವಲ್ಪ ಸಿಹಿ ಜಾಸ್ತಿ ಆಯ್ತು ಅನ್ನಿಸಿತು.

ನಮ್ಮದು ಹಾಲಕ್ಕಿ ಮನೆ. ಜಮೀನು ನಮ್ಮದಲ್ಲ, ಗೇಣಿ. ಲೆವಿ ಒಡೆಯರ ಮೇಲೆ ಬಿತ್ತು ಅಂತ ಹೇಳುತ್ತಾರೆ, ಒಡೆಯರು ಅದನ್ನು ನಮ್ಮ ಪಾಲಿನಿಂದ ಕಳೆದರು. ಅಲ್ಲಿಗೆ ಲೆಕ್ಕ ಸರಿ ಆಯ್ತು. ಗೆಣಸು, ಗೆಡ್ಡೆ, ಸೊಪ್ಪು. ಗಂಜಿಯ ತಿಳಿ ಗಂಡಸರಿಗೆ ಮತ್ತು ಮಕ್ಕಳಿಗೆ, ಹೆಂಗಸರಿಗೆ ತಪ್ಪಲೆ ತೊಳೆದ ನೀರು. ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವಲ್ಲ, ಆ ಇದ್ದಿಲನ್ನು ಗುಡ್ಡದಿಂದ ಹೊತ್ತು ಇಳಿಸಿದವರಲ್ಲಿ ನಮ್ಮ ಅಜ್ಜಿಯೂ ಒಬ್ಬರು. ಆ ಬಸ್ಸಿನಲ್ಲಿ ಅವರು ಒಂದು ಸಲವೂ ಕೂರಲಿಲ್ಲ.

ಬಟ್ಟೆ ವಿಷಯ ಅಂತೂ ಕೇಳಬೇಡಿ. ಮೇಲೆ 66 ಕೂಪನ್ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಮೂವರು ಹೆಂಗಸರು, ಹೊರಗೆ ಉಟ್ಟುಕೊಂಡು ಹೋಗುವಂಥ ಸೀರೆ ಎರಡು. ಇಬ್ಬರು ಹೊರಗೆ ಹೋದರೆ ಒಬ್ಬರು ಒಳಗೆ, ಹರಿದ ತುಂಡು ಸುತ್ತಿಕೊಂಡು. ಅಜ್ಜಿ ತನ್ನ ಸ್ವಂತ ತಂಗಿಯ ಮದುವೆಗೆ ಹೋಗಲಿಲ್ಲ. ಯಾಕೆ ಅಂದರೆ ಆ ದಿನ ಸೀರೆಯ ಸರದಿ ಅವರದ್ದಲ್ಲ. ಜನ್ಮದಲ್ಲಿ ಒಳಗೆ ಕೂತವರಲ್ಲ ನಮ್ಮ ಹೆಂಗಸರು. ಯುದ್ಧ ಅವರನ್ನು ಹೊರಗೆ ತರಲಿಲ್ಲ, ಒಳಗೆ ಕೂರಿಸಿತು. ಇದನ್ನೂ ಆ ಹುಡುಗಿ ಬರೆದುಕೊಳ್ಳಲಿ.

ಬೇಲೆಕೇರಿ ಬಂದರ

ಇದಕ್ಕೆ ಏನು ಬರೆಯಬೇಕು ಗೊತ್ತಾಗುತ್ತಿಲ್ಲ. ನಮ್ಮಲ್ಲೂ ಹಡಗಿನ ಹಾಯಿಬಟ್ಟೆ ಹೊಲಿದು ಉಟ್ಟಿದ್ದರು ಅಂತ ಕೇಳಿದ್ದೆ, ತಮಾಷೆ ಅಂದುಕೊಂಡಿದ್ದೆ.

ಕೋಡಿಬಾಗದ ಗಾಳಿ

ಮಗಳಿಗೆ ಓದಿಸಿದೆ. ಪೆನ್ಸಿಲ್ ಗೆರೆಯ ಪುಟದ ಎದುರು ಪುಟದಲ್ಲಿ ಇದನ್ನು ಹಾಕುತ್ತಾಳಂತೆ. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ.

ಈಗ ನಮ್ಮ ಮನೆಯದ್ದು. ನಿನ್ನೆ ಸಂಜೆ ದೊಡ್ಡತ್ತೆ ಬಾಯಿ ಬಿಟ್ಟರು. ನಮ್ಮ ಅಜ್ಜ ಮಿಲಿಟರಿ ಸೇರಿದ್ದರು, ಅಡುಗೆ ಮತ್ತು ಸಾಮಾನು ಸರಂಜಾಮಿನ ವಿಭಾಗ. ಸಂಬಳದ ಒಂದು ಪಾಲು ಮನೆಗೆ ಮನಿಆರ್ಡರ್ ಬರುತ್ತಿತ್ತು. ಅಲ್ಲಿಯವರೆಗೆ ಮನೆಯ ದುಡ್ಡೆಲ್ಲ ಮುತ್ತಜ್ಜನ ಕೈಯಲ್ಲಿ. ಅಜ್ಜಿ ಒಂದು ಆಣೆಯನ್ನೂ ಮುಟ್ಟಿದವರಲ್ಲ.

ಮೊದಲ ಸಲ ಟಪಾಲಿನವನು ಬಂದು ಅಂಗಳದಲ್ಲಿ ನಿಂತು ಒಂದು ಹೆಸರು ಕೂಗಿದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಅಜ್ಜಿಯೇ ಒಳಗಿನಿಂದ ಹೇಳಿದರಂತೆ! ನಮ್ಮಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಬರೆದು ಹೆಂಡತಿಯ ಹೆಸರು ಬದಲಾಯಿಸುವ ಪದ್ಧತಿ. ಆಮೇಲೆ ಆ ಹೆಸರನ್ನು ಯಾರೂ ಕರೆಯುವುದಿಲ್ಲ. ಅತ್ತೆಗೆ ಅವಳು ಸೊಸೆ, ಮೈದುನರಿಗೆ ವಹಿನಿ, ಮಕ್ಕಳಿಗೆ ಆಯಿ, ಗಂಡನಿಗೆ ‘ಇಲ್ಲಿ ನೋಡು’. ಹನ್ನೆರಡು ವರ್ಷದ ಹಿಂದೆ ಒಂದು ಸಲ ಕಿವಿಗೆ ಬಿದ್ದ ಹೆಸರು ಪಾಪ ಅವರಿಗೆ ಮರೆತೇ ಹೋಗಿತ್ತು.

ಮುತ್ತಜ್ಜ ಕೈ ಚಾಚಿದರು. ಟಪಾಲಿನವನು ಕೊಡಲಿಲ್ಲ. ಯಾರ ಹೆಸರಿಗೆ ಬಂದಿದೆಯೋ ಅವರ ಹೆಬ್ಬೆಟ್ಟು ಬೇಕು, ಸಾಕ್ಷಿ ಬೇಕು. ಅಜ್ಜಿ ಸೆರಗು ಎಳೆದುಕೊಂಡು ಹೊರಗೆ ಬಂದು ಹೆಬ್ಬೆಟ್ಟು ಒತ್ತಿದರು. ದುಡ್ಡು ಎಣಿಸಿ ಅವರ ಕೈಗೇ ಹಾಕಿದ. ಅವರು ಅದನ್ನು ತಕ್ಷಣ ಮಾವನ ಎದುರು ಇಟ್ಟರು, ಅದೇನೋ ನಿಜ. ಆದರೆ ಮುಂದಿನ ತಿಂಗಳು ಎರಡು ರೂಪಾಯಿ ಕಡಿಮೆ ಇಟ್ಟರಂತೆ. ಮುತ್ತಜ್ಜ ನೋಡಿದರು, ಏನೂ ಹೇಳಲಿಲ್ಲ. ಆರು ತಿಂಗಳಾದ ಮೇಲೆ ಪಕ್ಕದ ಮನೆಯ ಶಾಲೆ ಅಕ್ಕೋರ ಹತ್ತಿರ ಹೋಗಿ ಸಹಿ ಮಾಡೋದು ಕಲಿತರು. ಆ ಎರಡು ರೂಪಾಯಿಯಲ್ಲಿ ದೊಡ್ಡತ್ತೆಗೆ ಪಾಟಿ ಬಳಪ ಬಂತು. ‘ನಾನು ಶಾಲೆಗೆ ಹೋದದ್ದು ಹಾಗೆ’ ಅಂದರು ದೊಡ್ಡತ್ತೆ.

1944ರ ಏಪ್ರಿಲ್ 14ಕ್ಕೆ ಮುಂಬೈ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿಯಿತಲ್ಲ, ಆಗ ಅಜ್ಜ ಮುಂಬೈಯಲ್ಲೇ ಇದ್ದರು. ಸುದ್ದಿ ಬಂತು, ಕಾಗದ ಬರಲಿಲ್ಲ. ಎಷ್ಟೋ ದಿನ ಆದ ಮೇಲೆ ಮನಿಆರ್ಡರ್ ಬಂತು. ಫಾರಂ ತುದಿಯ ಕೂಪನ್ನಿನಲ್ಲಿ ಅಜ್ಜನ ಕೈಬರಹ ನೋಡಿ ಅಜ್ಜಿ ದುಡ್ಡು ಎಣಿಸಿಕೊಳ್ಳದೆ ಒಳಗೆ ಹೋಗಿಬಿಟ್ಟರು. ದುಡ್ಡು ಅಂಗಳದ ಕಟ್ಟೆಯ ಮೇಲೇ ಇತ್ತು.

ಮಾಜಾಳಿ ಗಡಿ

ನಿಮ್ಮ ಅಜ್ಜಿಯ ಹೆಸರಿನ ಕತೆ ಓದಿ ನಮ್ಮ ಆಯಿಗೆ ಫೋನ್ ಮಾಡಿದೆ. ಅವರ ಕಡೆಯದ್ದು ಬೇರೆ ಯುದ್ಧ, ಅದಕ್ಕೆ ಯುದ್ಧ ಅನ್ನಬಹುದೋ ಇಲ್ಲವೋ ಗೊತ್ತಿಲ್ಲ. ನಮ್ಮ ಕಡೆ ಅರ್ಧ ಮನೆಯ ಸೊಸೆಯಂದಿರು ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಕಾಣಕೋಣದ ಕಡೆಯವರು. ಮಾಜಾಳಿಯಿಂದ ನಡೆದೇ ತವರಿಗೆ ಹೋಗಿ ಬರುತ್ತಿದ್ದರು. ಅಕ್ಕಿ, ತೆಂಗಿನಕಾಯಿ ಆಚೆಗೆ, ಸಾಬೂನು, ಸುಗಂಧ ಈಚೆಗೆ. 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗೋಲಿಬಾರ್ ಆದ ಮೇಲೆ ಗಡಿ ಬಿಗಿಯಾಯಿತು. ಅಜ್ಜಿಗೆ ತವರು ಕೂಗಿದರೆ ಕೇಳುವಷ್ಟು ಹತ್ತಿರ, ಹೋಗುವ ಹಾಗಿಲ್ಲ. ಎರಡು ಬಾಣಂತನ ತವರಿಲ್ಲದೆ ಆಯಿತು. ತಾಯಿ ತೀರಿಕೊಂಡದ್ದು ಹದಿನೈದು ದಿನ ಆದ ಮೇಲೆ ಮೀನುಗಾರರ ಮೂಲಕ ಗೊತ್ತಾಯಿತು.

ತವರಿಲ್ಲದ ಆ ಆರು ವರ್ಷದಲ್ಲಿ ಒಂದು ಹೊಸ ವ್ಯವಸ್ಥೆ ತಾನಾಗಿ ಬೆಳೆಯಿತು. ಆಚೆಯ ತವರಿನ ಸೊಸೆಯಂದಿರೇ ಒಬ್ಬರ ಬಾಣಂತನ ಒಬ್ಬರು ಮಾಡೋದು. ಜಾತಿ ನೋಡಲಿಲ್ಲವಾ ಅಂತ ಕೇಳಿದೆ. "ನೋಡಿದೆವು, ಆದರೆ ಸ್ನಾನ ಆದ ಮೇಲೆ ನೋಡಿದೆವು" ಅಂದರು ಆಯಿ.

1961ರ ಡಿಸೆಂಬರ್ 18ಕ್ಕೆ ಅಂಜದೀವದ ಕಡೆಯಿಂದ ತೋಪಿನ ಸದ್ದು. ಆ ದ್ವೀಪದಲ್ಲಿ ನಮ್ಮ ನೌಕಾಪಡೆಯ ಏಳು ಜನ ಹೋದರು. ಮರುದಿನಕ್ಕೆಲ್ಲ ಗೋವಾ ನಮ್ಮದು. ಊರಿನ ಗಂಡಸರೆಲ್ಲ ರಸ್ತೆಯಲ್ಲಿ ಮಿಲಿಟರಿ ಗಾಡಿ ನೋಡೋಕೆ ನಿಂತರು. ಅಜ್ಜಿ ಚೀಲಕ್ಕೆ ಒಂದು ಸೀರೆ ಹಾಕಿಕೊಂಡು ಯಾರನ್ನೂ ಕೇಳದೆ ಗಡಿಯಾಚೆಯ ಪೋಳೆಂ ಕಡೆ ನಡೆದರು. ಅಜ್ಜನಿಗೆ ಸಂಜೆ ಗೊತ್ತಾಯಿತು.

ಸೊನಗಾರ ಓಣಿ

ಕುಮಟೆಯವನು. ನಮ್ಮ ಮನೆಗೆ ಹೊಲಿಗೆ ಮಿಷನ್ ಬಂದದ್ದು ಚೀನಾ ಯುದ್ಧದಿಂದ ಅಂದರೆ ಯಾರೂ ನಂಬುವುದಿಲ್ಲ.

1962ರಲ್ಲಿ ರಕ್ಷಣಾ ನಿಧಿಗೆ ಹೆಂಗಸರು ಬಳೆ ಬಿಚ್ಚಿ ಕೊಟ್ಟರು, ಸೈನಿಕರಿಗೆ ಸ್ವೆಟರ್ ಹೆಣೆದರು, ಇದೆಲ್ಲ ಎಲ್ಲರೂ ಹೇಳುತ್ತಾರೆ. ಅದಾದ ಮೇಲಿನದ್ದನ್ನು ಹೇಳೋದಿಲ್ಲ. 1963ರ ಜನವರಿಯಲ್ಲಿ ಬಂಗಾರ ನಿಯಂತ್ರಣ ಬಂತು. 14 ಕ್ಯಾರೆಟ್ಟಿಗಿಂತ ಮೇಲಿನ ಹೊಸ ಆಭರಣ ಮಾಡುವ ಹಾಗಿಲ್ಲ. 14 ಕ್ಯಾರೆಟ್ ಬಂಗಾರ ಯಾರಿಗೆ ಬೇಕು ಹೇಳಿ? ಮಂಗಳಸೂತ್ರಕ್ಕೆ ಅದನ್ನು ಯಾರು ಒಪ್ಪುತ್ತಾರೆ? ದೊಡ್ಡಪ್ಪ ಅಗ್ಗಿಷ್ಟಿಕೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಊದುಗೊಳವೆ ಗೂಟಕ್ಕೆ ನೇತುಹಾಕಿದ್ದು ತಿಂಗಳುಗಟ್ಟಲೆ ಇಳಿಯಲಿಲ್ಲ.

ದೊಡ್ಡಮ್ಮ ಮೊದಲಿನಿಂದ ಗಿರಾಕಿಗಳ ಕರಿಮಣಿ ಪೋಣಿಸಿ ಕೊಡುತ್ತಿದ್ದರು. ಅದು ಕೆಲಸ ಅಂತ ಲೆಕ್ಕಕ್ಕೇ ಇರಲಿಲ್ಲ, ಒಡವೆಯ ಜೊತೆ ಹಾಗೇ ಕೊಡೋದು. ಈಗ ಅದಕ್ಕೆ ದುಡ್ಡು ಕೇಳಿದರು. ಮೊದಲ ಬಾರಿ ಕೇಳುವಾಗ ನಾಲಿಗೆ ತಡವರಿಸಿತಂತೆ. ಆಮೇಲೆ ತಮ್ಮ ಎರಡು ಬಳೆ ಮಾರಿ ಮಿಷನ್ ತಂದರು, ಓಣಿಯಲ್ಲಿ ಮೊದಲನೆಯದು. ಗಂಡ ಮಾಡಿಕೊಟ್ಟ ಬಳೆ, ಅದೂ 22 ಕ್ಯಾರೆಟ್ಟಿನದು. ದೊಡ್ಡಪ್ಪ ಒಂದು ವಾರ ಮಾತಾಡಲಿಲ್ಲ. ಎಂಟನೇ ದಿನ ಮಿಷನ್ನಿನ ಪೆಡಲ್ ಕಿರ್ ಅನ್ನುತ್ತಿದೆ ಅಂತ ತಾವೇ ಎಣ್ಣೆ ಬಿಟ್ಟರು. ಆಮೇಲೆ ನಿಯಮ ಸಡಿಲಾಯಿತು, ಬಂಗಾರದ ಕೆಲಸ ಸ್ವಲ್ಪ ಚಿಗುರಿತು, ಮಿಷನ್ ಮಾತ್ರ ಜಗಲಿಯಿಂದ ಒಳಗೆ ಹೋಗಲಿಲ್ಲ. ನನ್ನ ಕಾಲೇಜ್ ಫೀಸ್ ಅದರಿಂದಲೇ.

ಹಳೇ ಮಾಸ್ತರು, ಕುಮಟಾ

ಆ ಓಣಿಯಲ್ಲಿ ಪೆಡಲ್ ಸದ್ದು ನನಗೂ ನೆನಪಿದೆ. 1965ರಲ್ಲಿ ಶಾಸ್ತ್ರಿಗಳು ಸೋಮವಾರ ಒಂದು ಹೊತ್ತು ಊಟ ಬಿಡಿ ಅಂದರು. ನಮ್ಮ ಮನೆಯಲ್ಲಿ ನಾವೆಲ್ಲ ಹೆಮ್ಮೆಯಿಂದ ಬಿಟ್ಟೆವು. ತಾಯಿ ನಕ್ಕದ್ದು ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಅವರಿಗೆ ಸೋಮವಾರ, ಏಕಾದಶಿ, ಸಂಕಷ್ಟಿ ಮೊದಲೇ ಇತ್ತು.

ಗುಡ್ಡದ ದಾರಿ

ಕೋಡಿಬಾಗದ ಅಕ್ಕಾ, ಸೀರೆಯ ವಿಷಯ ಹಾಕಬಹುದು. ಒಡೆಯರ ವಿಷಯವನ್ನೂ ಬಿಡಬಾರದು, ಎರಡೂ ಒಟ್ಟಿಗೇ ಇರಲಿ.

ಕೋಡಿಬಾಗದ ಗಾಳಿ

ಒಟ್ಟಿಗೇ ಇರುತ್ತದೆ, ನಾನು ನೋಡಿಕೊಳ್ಳುತ್ತೇನೆ. ಆ ಕೊನೆಯ ಸಾಲನ್ನು ಮಗಳೇ ಹೊಡೆದು ಹಾಕಿದಳು. ಅದರ ಜಾಗದಲ್ಲಿ ಏನು ಬರೆಯಬೇಕು ಅಂತ ಇನ್ನೂ ಗೊತ್ತಾಗಿಲ್ಲವಂತೆ, ಮೇಡಂ ಹತ್ತಿರ ಒಂದು ವಾರ ಕೇಳಿಕೊಂಡು ಬಂದಿದ್ದಾಳೆ. ಹಳೇ ಮನಿಆರ್ಡರ್ ಕೂಪನ್, ರೇಷನ್ ಕಾರ್ಡು, ಏನಾದರೂ ಯಾರ ಹತ್ತಿರವಾದರೂ ಇದ್ದರೆ ಫೋಟೋ ಕಳಿಸಿ. ನಮ್ಮ ಮನೆಯದ್ದನ್ನು ಗೆದ್ದಲು ತಿಂದಿದೆ.

ಬೇಲೆಕೇರಿ ಬಂದರ

ಅಕ್ಕಾ, ರಾತ್ರಿ ಅಟ್ಟ ಹತ್ತಿ ಹುಡುಕಿದೆ. ಹುರಿ ಪುಡಿಯಾಗಿ ಹೋಗಿದೆ. ಪೈಸೆ ಏಳು ಸಿಕ್ಕಿತು. ಶನಿವಾರ ಕಾರವಾರಕ್ಕೆ ಬರುವ ಕೆಲಸ ಇದೆ, ತರುತ್ತೇನೆ. ಫೋಟೋ ತೆಗೆಯುವ ಮೊದಲು ದೊಡ್ಡತ್ತೆಯ ಕೈಗೆ ಕೊಟ್ಟು ನೋಡೋಣ, ನಾಲ್ಕು ಬೆರಳಿಗೆ ಎಷ್ಟು ಬರುತ್ತಿತ್ತು ಅಂತ ಅವರಿಗೆ ಗೊತ್ತಿರಬಹುದು.